ಬಾಣಂತಿ ಮನೆಯ ಎಲೆ

ಹಳದಿಗೆ ತಿರುಗಿದ ಮನೆಗಳಲ್ಲೆಲ್ಲ ಇತ್ತೀಚೆಗೆ ಕೂಸು ಹುಟ್ಟಿತ್ತು.

ಇದನ್ನು ಮೊದಲು ಗಮನಿಸಿದವನು ಇಮ್ತಿಯಾಜ್ ಕಿತ್ತೂರ. ಧಾರವಾಡದ ಎಲೆಗುಳಿಗೆ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಗೋಡೆ ತುಂಬುವಷ್ಟು ದೊಡ್ಡ ಪರದೆಯಿತ್ತು. ಅದರಲ್ಲಿನ ಒಂದೊಂದು ಚುಕ್ಕೆಯೂ ಯಾರದೋ ಮನೆಯಲ್ಲಿ, ಯಾವುದೋ ಹೃದ್ರೋಗಿಯ ಹಾಸಿಗೆಯ ಪಕ್ಕದಲ್ಲಿ ಇಟ್ಟಿದ್ದ ಒಂದು ಕುಂಡ. ಗಿಡದ ಎಲೆಯಲ್ಲಿ ಔಷಧ ಸರಿಯಾದ ಪ್ರಮಾಣದಲ್ಲಿದ್ದರೆ ಚುಕ್ಕೆ ಹಸಿರಾಗಿರುತ್ತಿತ್ತು. ಆ ಚುಕ್ಕೆಗಳನ್ನು ಕಾಯುವುದು ಇಮ್ತಿಯಾಜನ ಕೆಲಸ. ಹಳದಿಯಾದ ಮನೆಗಳಿಗೆ ಫೋನು ಮಾಡಿ ವಿಚಾರಿಸುವುದೂ ಅವನದೇ.

"ಮೇಡಂ, ಒಂದು ಮಾತು ಹೇಳ್ತೇನಿ. ನಗಬಾರದು ಮತ್ತ," ಎಂದ.

ಗಿಡವನ್ನು ರೂಪಿಸಿದ ತಂಡದ ಮುಖ್ಯಸ್ಥೆ ದಾನೇಶ್ವರಿ ತಡಕೋಡ ಚಹದ ಲೋಟ ಹಿಡಿದು ಪರದೆಯ ಮುಂದೆ ನಿಂತಿದ್ದಳು. "ಹೇಳು," ಎಂದಳು.

"ಈ ಹಳದಿ ಮನಿಗೋಳೆಲ್ಲಾ ಬಾಣಂತಿ ಇರೋ ಮನಿ ಅದಾವ್ರಿ."

ದಾನೇಶ್ವರಿ ನಕ್ಕಳು.

"ನಗಬಾರದು ಅಂದಿದ್ನೆಲ್ರೀ. ಎಲ್ಲಿ ಫೋನ್ ಹಚ್ಚಿದ್ರೂ ಹಿಂದ ಕೂಸು ಅಳೋದು ಕೇಳಸ್ತಿತ್ತು. ಮೊದಲ ನಾನೂ ನಕ್ಕೆ. ಆಮ್ಯಾಲೆ ಒಂದೊಂದ ಮನೀಗೂ ಕೇಳಿದೆ. ಹೌದು, ಮಗಳು ಬಾಣಂತನಕ್ಕ ಬಂದಾಳ್ರಿ ಅಂತಾರ. ನೋಡ್ರಿ, ಇದೊಂದು ಚುಕ್ಕಿ ನಿಮ್ಮದ."

ಅವನು ತೋರಿಸಿದ್ದು ಸಪ್ತಾಪುರದ ಒಂದು ಚುಕ್ಕೆ. ಅದು ದಾನೇಶ್ವರಿಯ ತಾಯಿ ಚನ್ನವ್ವನ ಕುಂಡ. ದಾನೇಶ್ವರಿಯ ತಂಗಿ ಪ್ರಭಾ ಹೆರಿಗೆಯಾಗಿ ತವರಿಗೆ ಬಂದು ಒಂದು ತಿಂಗಳಾಗಿತ್ತು. ಚುಕ್ಕೆ ಬದನೆ ಹೂವಿನ ನಡುವಿನ ಹಳದಿಯ ಹಾಗೆ ನಿಚ್ಚಳವಾಗಿತ್ತು.

ಗಿಡ ತನ್ನ ಬದುಕಿಗೆ ಬೇಕಾದ ಸಕ್ಕರೆ, ಸಸಾರಜನಕಗಳನ್ನು ಮಾಡಿಕೊಳ್ಳುವುದು ಎಲ್ಲರಿಗೂ ಗೊತ್ತು. ಇವುಗಳಲ್ಲದೆ ಅದು ಇನ್ನೂ ಎಷ್ಟೋ ವಸ್ತುಗಳನ್ನು ತಯಾರಿಸುತ್ತದೆ. ಅವಿಲ್ಲದೆಯೂ ಗಿಡ ಬೆಳೆಯಬಲ್ಲದು. ಆದರೆ ತಿನ್ನಲು ಬರುವ ಹುಳಕ್ಕೆ ಕಹಿಯಾಗಲು, ಮೇಯುವ ಮೇಕೆಗೆ ವಿಷವಾಗಲು, ದುಂಬಿಗೆ ಕಂಪಾಗಲು ಅವು ಬೇಕು. ದ್ವಿತೀಯಕ ಸಂಯುಕ್ತಗಳೆಂದು ಅವಕ್ಕೆ ಹೆಸರು. ಮನುಷ್ಯರ ಔಷಧದ ಪೆಟ್ಟಿಗೆಯ ದೊಡ್ಡ ಪಾಲು ತುಂಬಿರುವುದು ಇಂಥವುಗಳಿಂದಲೇ. ಇವನ್ನು ಕಟ್ಟುವ ಕೆಲಸಗಾರರು ಕಿಣ್ವಗಳು. ಪ್ರತಿ ಕಿಣ್ವಕ್ಕೂ ಒಂದು ಜೀನು. ಯಾವುದೋ ಕಾಲದಲ್ಲಿ ಒಂದು ಜೀನು ತಪ್ಪಾಗಿ ಎರಡು ಪ್ರತಿಯಾಯಿತು, ಪ್ರತಿಗಳಿಗೆ ಮತ್ತೆ ಪ್ರತಿಗಳಾದವು, ಒಂದೊಂದೂ ತುಸು ತುಸು ಬದಲಾಯಿತು. ಹೀಗೆ ಒಂದು ಮನೆತನ ಬೆಳೆಯಿತು. ಸರ್ಪಗಂಧಿಯ ಬಳಗದ ಈ ಗಿಡದಲ್ಲಿ ಅಂಥ ಒಂದು ಮನೆತನಕ್ಕೆ ನಲವತ್ತಕ್ಕೂ ಹೆಚ್ಚು ಅಕ್ಕತಂಗಿಯರು. ಮುಖ ಒಂದೇ, ಕೈಗುಣ ಬೇರೆ. ಒಬ್ಬಳು ಅಣುವಿನ ಈ ಮೂಲೆಗೆ ಆಮ್ಲಜನಕ ಕೂರಿಸಿದರೆ ಇನ್ನೊಬ್ಬಳು ಪಕ್ಕದ ಮೂಲೆಗೆ. ಹನ್ನೊಂದನೆಯವಳು ಕೂರಿಸಿದರೆ ಮಾತ್ರ ಹೃದಯದ ಬಡಿತವನ್ನು ಲಯಕ್ಕೆ ತರುವ ಔಷಧವಾಗುತ್ತಿತ್ತು. ಎಲೆಯಲ್ಲಿ ಅವಳೊಬ್ಬಳನ್ನು ಸದಾ ಎಚ್ಚರವಿಟ್ಟು ಉಳಿದವರನ್ನು ಮಲಗಿಸಿದ್ದೇ ದಾನೇಶ್ವರಿಯ ಇಷ್ಟು ವರ್ಷಗಳ ದುಡಿಮೆ. ಬೆಳಗ್ಗೆ ಎದ್ದು ಒಂದೆಲೆ ಕಿತ್ತು ಅಗಿದರೆ ಆ ದಿನದ ಔಷಧ ಮುಗಿಯಿತು. ಕಾರ್ಖಾನೆ ಬೇಡ, ಅಂಗಡಿ ಬೇಡ.

ಹಳದಿ ಚುಕ್ಕೆಯ ಅರ್ಥ ಇಷ್ಟೇ: ಹನ್ನೊಂದನೆಯವಳ ಔಷಧ ಕಡಿಮೆಯಾಗಿದೆ, ಅದರ ಜಾಗದಲ್ಲಿ ಬೇರೇನೋ ಬಂದಿದೆ. ಎಲೆಗೆ ಕಚ್ಚಿಸಿಟ್ಟು ಔಷಧ ಅಳೆಯುವ ಬೆಳಕಿನ ಕ್ಲಿಪ್ಪು ಆ ಬೇರೇನೋ ಯಾವುದೆಂದು ಹೇಳಲಾರದು.

ಕೇಂದ್ರದ ನಿರ್ದೇಶಕ ಡಾಕ್ಟರ್ ವೀರಭದ್ರ ಮುಳಗುಂದ ಮೇಜಿನ ಖಾನೆಯಲ್ಲಿ ಹುರಿದ ಶೇಂಗಾ ಇಟ್ಟುಕೊಂಡಿರುತ್ತಿದ್ದರು. ಯೋಚನೆ ಹೆಚ್ಚಾದಷ್ಟೂ ಸಿಪ್ಪೆಯ ಗುಡ್ಡೆ ಎತ್ತರವಾಗುತ್ತಿತ್ತು. ಆ ದಿನ ಅದು ಫೋನಿನ ಮಟ್ಟಕ್ಕೆ ಬಂದಿತ್ತು.

"ಕೂಸು ಕಾರಣ ಇರಲಾರದು," ಎಂದರು. "ಕೂಸಿನ ಜೋಡಿ ಮನಿಯೊಳಗ ಏನೇನ ಬರ್ತಾವು, ಅದನ್ನ ಹುಡುಕ್ರಿ."

"ಅಳು ಬರ್ತೈತ್ರಿ ಸರ್," ಎಂದ ಇಮ್ತಿಯಾಜ್. ಅವನಿಗೆ ಮೂರು ಮಕ್ಕಳು.

ಯಾರೂ ನಗಲಿಲ್ಲ. ಎಲೆ ಕಡಿಯುವ ಹುಳದ ಸಣ್ಣ ಕಂಪನಕ್ಕೆ ಗಿಡ ಎಚ್ಚೆತ್ತು ಕಹಿ ಹೆಚ್ಚಿಸಿಕೊಳ್ಳುವುದುಂಟು. ಅಳುವಿನಲ್ಲೂ ಕಂಪನವಿದೆ. ರಾತ್ರಿಯಿಡೀ ಉರಿಯುವ ದೀಪವಿದೆ. ತಾಯಿಯ ಬೆವರು, ಹಾಲು, ಉಸಿರುಗಳಲ್ಲಿ ಹೊಸ ಹಾರ್ಮೋನುಗಳಿವೆ. ದಾನೇಶ್ವರಿ ಗಾಜಿನಮನೆಯ ಗಿಡಗಳನ್ನು ನಾಲ್ಕು ಪಾಲು ಮಾಡಿದಳು. ಒಂದು ಪಾಲಿಗೆ ಅಳು, ಒಂದಕ್ಕೆ ರಾತ್ರಿಯ ದೀಪ, ಒಂದಕ್ಕೆ ಹಾಲು ಬೆವರಿನ ಬಟ್ಟೆ, ಒಂದಕ್ಕೆ ಏನೂ ಇಲ್ಲ. ಅಳುವನ್ನು ಪ್ರಭಾಳ ಕೂಸಿನಿಂದಲೇ ಮುದ್ರಿಸಿಕೊಂಡು ಬಂದಳು. ಬಟ್ಟೆಗಳನ್ನೂ ಪ್ರಭಾ ಕೊಟ್ಟಳು. "ಅಕ್ಕಾ, ನಿನ್ನ ಗಿಡಕ್ಕ ಇನ್ನ ಜೋಗುಳ ಒಂದ ಬಾಕಿ ನೋಡು," ಎಂದು ನಕ್ಕಳು.

ಗಾಜಿನಮನೆಯ ಕಾವಲಿಗಿದ್ದ ಯಲ್ಲವ್ವ ಎರಡು ದಿನ ತಡೆದಳು. ಮೂರನೆಯ ದಿನ ದಾನೇಶ್ವರಿಯನ್ನು ಬಾಗಿಲಲ್ಲೇ ನಿಲ್ಲಿಸಿದಳು. "ಬಾಯಾರ, ಸ್ಪೀಕರ್ ಅಂತ ಗೊತ್ತೈತ್ರಿ ನನಗ. ಆದ್ರೂ ಹೊಟ್ಟಿಯೊಳಗ ಸಂಕಟ ಆಗ್ತೈತಿ. ನಡುನಡುವ ಸ್ವಲ್ಪ ಸುಮ್ಮನಿರಸಾಕ ಬರಂಗಿಲ್ಲೇನ್ರಿ?"

ನಡುನಡುವೆ ಸುಮ್ಮನಿರಿಸಿದರೂ, ಜೋರು ಮಾಡಿದರೂ ಗಿಡಗಳು ಹಸಿರಾಗಿಯೇ ಉಳಿದವು. ದೀಪಕ್ಕೂ ಬಗ್ಗಲಿಲ್ಲ, ಹಾಲಿಗೂ ಬಗ್ಗಲಿಲ್ಲ.

ಮನೆಗಳಿಗೆ ಹೋದ ತಪಾಸಣೆಯವರೂ ಬರಿಗೈಯಲ್ಲಿ ಬಂದರು. ಮುಂಚೆ ಫೋನು ಮಾಡಿ ಹೇಳದೆ ಯಾರ ಮನೆಗೂ ಹೋಗಬಾರದೆಂಬುದು ಕೇಂದ್ರ ತಾನೇ ಮಾಡಿಕೊಂಡ ನಿಯಮ. ರೋಗಿಗಳ ಮರ್ಯಾದೆಗಾಗಿ ಮಾಡಿದ್ದು. ಹೇಳಿ ಹೋದ ಮನೆಗಳೆಲ್ಲ ಒಂದೇ ತರ ಇದ್ದವು: ಸಾರಿಸಿದ ನೆಲ, ತೆರೆದ ಕಿಟಕಿ, ಒಗೆದು ಹಾಸಿದ ಹಾಸಿಗೆ, ಮೂಲೆಯಲ್ಲಿ ಕುಂಡ. ಬಾಣಂತಿಯ ಕೋಣೆಯಲ್ಲೇ ಕುಂಡವಿದ್ದುದರಲ್ಲಿ ಆಶ್ಚರ್ಯವೂ ಇರಲಿಲ್ಲ. ಕೂಸಿನ ಅಜ್ಜಿಯೇ ರೋಗಿ. ಮಗಳ ಆರೈಕೆಗೆಂದು ಅವಳ ಕೋಣೆಯಲ್ಲಿ ಮಲಗುತ್ತಾಳೆ, ಎದ್ದ ತಕ್ಷಣ ಎಲೆ ಬೇಕೆಂದು ಕುಂಡವನ್ನೂ ಜೊತೆಗೊಯ್ಯುತ್ತಾಳೆ. ಇಷ್ಟು ಅರ್ಥವಾಗಿತ್ತು. ಇದಕ್ಕಿಂತ ಮುಂದಿನದು ಅರ್ಥವಾಗಿರಲಿಲ್ಲ. ಗೊಂದಲಕ್ಕೆ ಕಳಶವಿಟ್ಟಂತೆ ಗದುಗಿನ ಕಡೆಯ ಒಂದು ಮನೆಯಲ್ಲಿ ಬಾಣಂತಿಯಿದ್ದರೂ ಚುಕ್ಕೆ ಹಸಿರಾಗಿಯೇ ಇತ್ತು, ಹುಬ್ಬಳ್ಳಿಯ ಒಂದು ಮನೆಯಲ್ಲಿ ಕೂಸೂ ಇಲ್ಲ ಬಾಣಂತಿಯೂ ಇಲ್ಲ, ಆದರೂ ಆ ವಾರವಷ್ಟೇ ಚುಕ್ಕೆ ಹಳದಿಯಾಗಿತ್ತು.

ಸಂಜೆ ಮನೆಗೆ ಬಂದರೆ ತಾಯಿ ಬಾಗಿಲಲ್ಲೇ ನಗುತ್ತ ಎದುರಾದಳು. ಚನ್ನವ್ವ ಮೂವತ್ತು ವರ್ಷ ಹೊಲಿಗೆ ಕ್ಲಾಸು ನಡೆಸಿದವಳು. ಸೂಜಿ ಚುಚ್ಚಿ ಚುಚ್ಚಿ ಹೆಬ್ಬೆರಳ ತುದಿ ಗಟ್ಟಿಯಾಗಿ, ದಿನವೂ ನಾಡಿ ಬರೆದಿಡುವ ಕುಂಡದ ಪಟ್ಟಿಗೆ ಅದರ ಮಿಡಿತ ಸಿಗುತ್ತಿರಲಿಲ್ಲ. ಅದಕ್ಕೇ ಅವಳು ಉಂಗುರ ಬೆರಳು ಒತ್ತುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅವಳ ಹೃದಯ ಒಮ್ಮೊಮ್ಮೆ ಲಯ ತಪ್ಪಿ ಓಡತೊಡಗಿತ್ತು. ಮಾತ್ರೆಗಳು ಒಗ್ಗದೆ ಶ್ವಾಸಕೋಶ ಕೆಟ್ಟಿತು. ಎಲೆ ಅರ್ಧಂಬರ್ಧ ಕೈಹಿಡಿದಿತ್ತು.

"ಎದಿ ಹೆಂಗೈತಿ ಯವ್ವಾ?"

"ಹೊಸಾ ಮಷಿನ್ ಓಡಿದಂಗ ಓಡಾಕತ್ತೈತಿ. ಒಂದು ಹೊಲಿಗಿ ತಪ್ಪಿಲ್ಲ." ಚನ್ನವ್ವ ಮೊಮ್ಮಗಳನ್ನು ಭುಜಕ್ಕೆ ಹಾಕಿಕೊಂಡಳು. "ಈ ಲಕ್ಷ್ಮಿ ಬಂದಾಗಿಂದ ಒಮ್ಮೆನೂ ಎದಿ ಹೊಯ್ಕೊಂಡಿಲ್ಲ ನೋಡು."

ದಾನೇಶ್ವರಿ ಕುಂಡದ ದಾಖಲೆ ತೆರೆದು ನೋಡಿದಳು. ತಾಯಿಯ ಮಾತು ನಿಜವಾಗಿತ್ತು. ಎಲೆ ಹಸಿರಿದ್ದಾಗ ನಾಡಿಯ ಗೆರೆ ಮುಗ್ಗರಿಸುತ್ತಿತ್ತು. ಹಳದಿಯಾದ ಮೇಲೆ ನೇಗಿಲ ಸಾಲಿನಂತೆ ನೇರವಾಗಿತ್ತು. ಔಷಧ ಕಡಿಮೆಯಾದ ಎಲೆ ತಿಂದು ರೋಗಿ ಗುಣವಾಗುವುದೆಂದರೇನು? ಸಂತೋಷಪಡಬೇಕೋ ಹೆದರಬೇಕೋ ತಿಳಿಯದೆ ಅವಳು ಕೈಕಾಲು ತೊಳೆಯಲು ಹೋದಳು. ಮನೆಯಲ್ಲಿ ಊದಿನಕಡ್ಡಿಯ ವಾಸನೆ ಗವ್ವೆನ್ನುತ್ತಿತ್ತು. ಅವ್ವನಿಗೆ ಈಚೆಗೆ ಭಕ್ತಿ ಹೆಚ್ಚಿದೆ ಎಂದುಕೊಂಡಳು.

ನವಲಗುಂದದ ಫಕೀರವ್ವ ಬಚ್ಚಲಲ್ಲಿ ಬಿದ್ದ ಸುದ್ದಿ ಬಂದದ್ದು ಮರುದಿನ ಮುಂಜಾನೆ. ಹಳದಿ ಮನೆಯವಳೇ. ಮಗಳ ಬಾಣಂತನ ಮಾಡುತ್ತಿದ್ದ ಮುದುಕಿ. ಆಸ್ಪತ್ರೆ ಮುಟ್ಟಿದಾಗ ನಾಡಿ ನಿಮಿಷಕ್ಕೆ ನಲವತ್ತಕ್ಕಿಂತ ಕೆಳಗಿತ್ತು.

"ಬದುಕ್ತಾಳಂತ್ರಿ," ಎಂದ ಇಮ್ತಿಯಾಜ್. ಅವನ ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ. "ಆದ್ರ ಮೇಡಂ, ಅದ ಹಳದಿ. ನಿಮ್ಮ ಅವ್ವಾರದೂ ಅದ..."

ಅವನ ಮಾತು ಮುಗಿಯುವ ಮೊದಲೇ ದಾನೇಶ್ವರಿ ಸ್ಕೂಟರಿನ ಕೀಲಿ ಎತ್ತಿಕೊಂಡಿದ್ದಳು. ತಾಯಿಯ ಫೋನಿಗೆ ಕರೆ ಮಾಡುವುದೂ ಹೊಳೆಯಲಿಲ್ಲ.

ಹಗಲು ಹನ್ನೊಂದರ ಹೊತ್ತಿಗೆ ಅವಳು ತನ್ನ ಮನೆಯನ್ನು ಹೊರಗಿನಿಂದ ನೋಡಿ ತಿಂಗಳುಗಳೇ ಆಗಿದ್ದವು. ಕಿಟಕಿಗಳೆಲ್ಲ ಮುಚ್ಚಿದ್ದವು. ನಡುಮನೆಯಲ್ಲಿ ಕಣ್ಣು ಉರಿಯಿತು. ಬಾಣಂತಿ ಕೋಣೆಯ ಬಾಗಿಲು ದೂಡಿದರೆ ಒಳಗೆ ಬೆಳ್ಳಗಿನ ಹೊಗೆ. ಎಣ್ಣೆನೀರು ಮುಗಿಸಿದ ಪ್ರಭಾ ಕೂದಲು ಹರವಿಕೊಂಡು ನುಲಿಯ ಹೊರಸಿನ ಮೇಲೆ ಮಲಗಿದ್ದಳು. ಹೊರಸಿನ ಕೆಳಗೆ ಅಗ್ಗಿಷ್ಟಿಗೆಯಲ್ಲಿ ಕುಳ್ಳಿನ, ಒಣಗಿದ ಸೆಗಣಿ ಬೆರಣಿಯ, ಕೆಂಡ. ಚನ್ನವ್ವ ಅದರ ಮೇಲೆ ಏನನ್ನೋ ಉದುರಿಸುತ್ತಿದ್ದಳು. ಚಟಚಟ ಎಂದಿತು. ಅಜವಾನದ ಗಾಟು ಮೂಗಿಗೆ ಬಡಿಯಿತು. ಎರಡು ಮಾರು ಆಚೆ, ಹೊಗೆಯೊಳಗೆ ಕುಂಡ.

ಮೂವರೂ ಒಬ್ಬರನ್ನೊಬ್ಬರು ನೋಡಿದರು. ಕೂಸಿರುವ ಮನೆಯಲ್ಲಿ ಹೊಗೆ ಬೇಡವೆಂದು ದಾನೇಶ್ವರಿ ಮೊದಲೇ ಹೇಳಿದ್ದಳು.

"ಸ್ವಲ್ಪ ಅಷ್ಟ," ಎಂದಳು ಚನ್ನವ್ವ. "ಇವತ್ತೊಂದ ದಿನ."

"ಯವ್ವಾ, ದಿನಾ ಹಾಕ್ತಿ," ಎಂದಳು ಪ್ರಭಾ ಮಲಗಿದಲ್ಲಿಂದಲೇ.

"ನೀ ಬಾಯಿ ಮುಚ್ಚ. ಬಾಣಂತಿ ಮಾತಾಡಬಾರದು."

"ಕೂಸು ಎಲ್ಲೈತಿ?" ಎಂದಳು ದಾನೇಶ್ವರಿ.

"ಹಿಂದಿನ ಕ್ವಾಣ್ಯಾಗ, ತೊಟ್ಟಿಲದಾಗ. ನೀ ಬ್ಯಾಡ ಅಂದಿದ್ದು ಕೂಸಿಗಂತ ನನಗ ತಿಳಿಯಂಗಿಲ್ಲೇನು? ಕೂಸಿಗೆ ಒಂದು ದಿನಾನೂ ಹಾಕಿಲ್ಲ. ಹಡದ ಹೆಂಗಸಿನ ನಡಾ ಹಂಗ ಬಿಡಾಕ ಬರ್ತೈತೇನ? ನಾಳೆ ಥಂಡಿ ಹಿಡದ್ರ ನಿನ್ನ ಗಾಜಿನಮನಿ ಬಂದು ಒತ್ತೈತೇನ ಅಕಿ ಕಾಲ?"

"ಸಂಜೀಕ ಊದಿನಕಡ್ಡಿ?"

ಚನ್ನವ್ವ ಅಗ್ಗಿಷ್ಟಿಗೆಯ ಕೆಂಡ ಕೆದಕಿದಳು. ಪ್ರಭಾ ನಗು ತಡೆಯಲಾಗದೆ ಗೋಡೆಯ ಕಡೆ ಹೊರಳಿದಳು.

ದಾನೇಶ್ವರಿ ಹೊಸ್ತಿಲ ಮೇಲೆ ಕುಳಿತಳು. ಕಾಡಿಗೆ ಬೆಂಕಿ ಬಿದ್ದ ಮೇಲೆ ನೆಲದಲ್ಲಿ ವರ್ಷಗಟ್ಟಲೆ ಮಲಗಿದ್ದ ಬೀಜಗಳು ಮೊಳೆಯುವುದು ಹೊಗೆಯಲ್ಲಿರುವ ಕೆಲವು ಅಣುಗಳಿಂದ ಎಂದು ಅವಳು ಓದಿದ್ದಳು, ವಿದ್ಯಾರ್ಥಿಗಳಿಗೆ ಹೇಳಿಕೊಟ್ಟೂ ಇದ್ದಳು. ಹೊಗೆಯೆಂದರೆ ಗಿಡಕ್ಕೆ ಕಾಡ್ಗಿಚ್ಚು. ಕಾಡ್ಗಿಚ್ಚೆಂದರೆ ಮಲಗಿದವರೆಲ್ಲ ಏಳುವ ಹೊತ್ತು. ಅವಳು ಮಲಗಿಸಿಟ್ಟ ಅಕ್ಕತಂಗಿಯರಲ್ಲಿ ಯಾರೋ ಎದ್ದಿದ್ದರು.

ಇಷ್ಟು ತಿಳಿದ ಮೇಲೆ ಗೊಂದಲ ಕಡಿಮೆಯಾಗಬೇಕಿತ್ತು.

ಹಳದಿ ಮನೆಗಳಿಗೆ ಮತ್ತೆ ಫೋನು ಹೋಯಿತು. ಹೊಗೆ ಹಾಕುತ್ತೀರಾ ಎಂದು ಕೇಳಿದರೆ ಎಲ್ಲರೂ "ಛೇ ಛೇ, ಇಲ್ರೀ" ಎಂದರು. ದವಾಖಾನೆಯ ನರ್ಸುಗಳು ಬೈದು ಬೈದು ಅವರಿಗೆ ಈ ಉತ್ತರ ಬಾಯಿಪಾಠವಾಗಿತ್ತು. ಕೊನೆಗೆ ಇಮ್ತಿಯಾಜನ ಹೆಂಡತಿ ರೇಷ್ಮಾ ಕುಳಿತು ಫೋನು ಹಚ್ಚಿದಳು. ಕೇಂದ್ರದ ಹೊಸ ಹೆಣ್ಣುಮಗಳು ಎಂದು ತನ್ನ ಪರಿಚಯ ಹೇಳಿಕೊಂಡು, "ಅಕ್ಕಾರ, ನಮ್ಮ ನಾದಿನಿ ಹಡದಾಳ್ರಿ. ನಡಾ ಭಾಳ ನೋವು ಅಂತಾಳ. ಯಾವ ಹೊಗಿ ಚಲೋರಿ?" ಎಂದು ಕೇಳಿದಳು. ನಾದಿನಿ ಹಡೆದದ್ದು ನಿಜವೇ ಆಗಿತ್ತು, ಹಡೆದು ನಾಲ್ಕು ವರ್ಷವಾಗಿತ್ತು ಅಷ್ಟೆ. ಆ ಕಡೆಯಿಂದ ಮಾತಿನ ಹೊಳೆ ಹರಿಯಿತು. ಒಬ್ಬರದು ಅಜವಾನ, ಒಬ್ಬರದು ಲೋಬಾನ, ಒಬ್ಬರದು ಬಳ್ಳೊಳ್ಳಿ ಸಿಪ್ಪೆ. ಇನ್ನೊಬ್ಬರದು ಬೇವಿನೆಲೆಗೆ ಸಬ್ಬಸಗಿ ಬೀಜ. ಫಕೀರವ್ವನ ಮಗಳು ಮಾತ್ರ ತಮ್ಮಲ್ಲಿ ಬಜೆಬೇರು ಸುಡುತ್ತಿದ್ದರೆಂದಳು. "ಅಳಬ್ಯಾಡಕ್ಕಾ, ಅವ್ವ ಆರಾಮಾಗ್ತಾಳ," ಎನ್ನುತ್ತ ರೇಷ್ಮಾ ತಾನೂ ಕಣ್ಣೊರೆಸಿಕೊಂಡಳು. ಗದುಗಿನ ಹಸಿರು ಮನೆಯ ಬಾಣಂತಿ ತಾನೇ ಡಾಕ್ಟರು. ಅವಳ ಮನೆಯಲ್ಲಿ ಹೊಗೆ ಇರಲಿಲ್ಲ. ಹುಬ್ಬಳ್ಳಿಯ ಹಳದಿ ಮನೆಯಲ್ಲೂ ಹೊಗೆ ಇರಲಿಲ್ಲ, ಆ ಮನೆ ಯಾಕೆ ಹಳದಿ ಎಂಬುದು ಕೊನೆಗೂ ತಿಳಿಯಲಿಲ್ಲ.

ಪ್ರಯೋಗಾಲಯಕ್ಕೆ ಎಲೆಗಳು ಬಂದವು. ಒಂದೊಂದು ಮನೆಯ ಎಲೆಯಲ್ಲಿ ಒಂದೊಂದು ವಸ್ತು ಸಿಕ್ಕಿತು. ಎಲ್ಲವೂ ಹನ್ನೊಂದನೆಯವಳ ಔಷಧದಷ್ಟೇ ತೂಗುತ್ತಿದ್ದವು. ಪರಮಾಣುಗಳ ಲೆಕ್ಕವೂ ಅದೇ, ಆದರೆ ಆಮ್ಲಜನಕ ಕುಳಿತ ಮೂಲೆ ಬೇರೆ. ಚನ್ನವ್ವನ ಎಲೆಯಲ್ಲಿ ಎದ್ದವಳು ಹತ್ತೊಂಬತ್ತನೆಯವಳು. ಫಕೀರವ್ವನ ಎಲೆಯಲ್ಲಿ ಮೂವತ್ತಮೂರನೆಯವಳು. ಒಬ್ಬಳು ಹೃದಯವನ್ನು ಹದಕ್ಕೆ ತಂದಿದ್ದಳು, ಇನ್ನೊಬ್ಬಳು ನಿಲ್ಲಿಸಹೊರಟಿದ್ದಳು. ಉಳಿದವರು ಏನು ಮಾಡುತ್ತಿದ್ದಾರೆಂದು ಹೇಳಬಲ್ಲವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಮನೆಮನೆಯೂ ತನಗೆ ತಿಳಿಯದಂತೆ ಒಂದು ಹೊಸ ಔಷಧವನ್ನೋ ಹೊಸ ವಿಷವನ್ನೋ ತಯಾರಿಸಿ ತಿನ್ನುತ್ತಿತ್ತು.

ಮುಳಗುಂದರು ಆ ಸಂಜೆಯೇ ಆದೇಶ ಕೊಟ್ಟರು: ಹೊಗೆ ನಿಲ್ಲಬೇಕು, ಬದಲಾದ ಎಲೆಗಳನ್ನೆಲ್ಲ ಕಿತ್ತೆಸೆಯಬೇಕು, ಹೊಸ ಚಿಗುರು ಹಸಿರಾದ ಮೇಲೆಯೇ ರೋಗಿಗೆ ಎಲೆ.

"ಸರ್, ನಮ್ಮ ಅವ್ವಗ ಹತ್ತೊಂಬತ್ತನೇದು ಹಿಡಿಸೈತ್ರಿ," ಎಂದಳು ದಾನೇಶ್ವರಿ.

"ನಿಮ್ಮ ಅವ್ವಾರಿಗೆ ಹಿಡಿಸಿದ್ದು ಒಂದು ತಿಂಗಳು. ಎರಡನೇ ತಿಂಗಳು ಏನ್ ಮಾಡ್ತೈತಿ, ಹೇಳ್ರಿ?"

ಅವಳು ಎಲೆಯ ವರದಿಯನ್ನು ಮಡಚಿ ಮೇಜಿನ ಮೇಲಿಟ್ಟಳು.

"ಪರೀಕ್ಷಾ ಮಾಡೂಣು. ಪ್ರಾಣಿ ಮ್ಯಾಲೆ, ಆಮೇಲೆ ಮಂದಿ ಮ್ಯಾಲೆ. ಎರಡು ವರ್ಷ ಹಿಡೀತೈತಿ." ಅವರು ಶೇಂಗಾದ ಖಾನೆಯನ್ನು ಎಳೆದು, ಮತ್ತೆ ದೂಡಿದರು. "ನನಗೂ ಚಲೋ ಅನಸಾಕತ್ತಿಲ್ಲ ದಾನೇಶ್ವರಿ. ಆದ್ರ ಇದರಾಗ ತಪ್ಪೇನೈತಿ, ಅದನ್ನ ಹೇಳ್ರಿ."

ತಪ್ಪೇನೂ ಇರಲಿಲ್ಲ. ಅವಳೇ ಮನೆಗೆ ಹೋಗಿ ತಾಯಿಯ ಗಿಡದ ಎಲೆಗಳನ್ನು ಕಿತ್ತಳು. ಅಗ್ಗಿಷ್ಟಿಗೆಯನ್ನು ಅಟ್ಟಕ್ಕೇರಿಸಿದಳು. ಚನ್ನವ್ವ ಉಳಿದ ಕುಳ್ಳನ್ನು ನೆರೆಯವರಿಗೆ ಕೊಟ್ಟು ಬಂದಳು. ಪ್ರಭಾಳಿಗೆ ಬಿಸಿನೀರಿನ ಚೀಲ ಬಂತು.

ಹೊಸ ಎಲೆ ಬಂತು. ಚುಕ್ಕೆ ಹಸಿರಾಯಿತು. ಎರಡನೆಯ ವಾರದ ಒಂದು ಮಧ್ಯಾಹ್ನ ಚನ್ನವ್ವ ಮೊಮ್ಮಗಳ ಅಂಗಿಗೆ ಗುಂಡಿ ಹಚ್ಚುತ್ತಿದ್ದವಳು ಸೂಜಿಯನ್ನು ಹಾಗೇ ಬಟ್ಟೆಗೆ ಚುಚ್ಚಿಟ್ಟು, "ಪ್ರಭಾ, ಅಕ್ಕಗ ಫೋನ್ ಮಾಡು," ಎಂದಳು. ದಾನೇಶ್ವರಿ ಬರುವಷ್ಟರಲ್ಲಿ ತುಟಿ ಕಪ್ಪಾಗಿತ್ತು, ಹಣೆಯಲ್ಲಿ ಬೆವರು. ಆಸ್ಪತ್ರೆಯಲ್ಲಿ ಎರಡು ಇಂಜೆಕ್ಷನ್ ಆದ ಮೇಲೆ ಹೃದಯ ನಿಧಾನಕ್ಕೆ ದಾರಿಗೆ ಬಂತು. ಮತ್ತೆ ಹೀಗಾದರೆ ತಮ್ಮ ಕೈಯಲ್ಲಿ ಹೆಚ್ಚೇನೂ ಇಲ್ಲ, ಈ ಶ್ವಾಸಕೋಶ ಇಟ್ಟುಕೊಂಡು ಶಸ್ತ್ರಚಿಕಿತ್ಸೆ ಮಾಡಲೂ ಆಗದು ಎಂದರು ಅಲ್ಲಿನ ವೈದ್ಯರು.

ಮನೆಗೆ ಬಂದ ಮೇಲೆ ಚನ್ನವ್ವ ಗೋಡೆಗೆ ಒರಗಿ ಕುಳಿತಳು. "ದಾರ ಹರದು ಮಷಿನ್ ಸುಮ್ನ ಓಡ್ತೈತೆಲ್ಲ, ಹಂಗಾತು," ಎಂದಳು. "ಸೂಜಿ ಮ್ಯಾಲೆ ಕೆಳಗ ಆಗ್ತೈತಿ, ಹೊಲಿಗಿ ಬೀಳಂಗಿಲ್ಲ."

ದಾನೇಶ್ವರಿ ತಾಯಿಯ ಎದುರಿಗೆ ಕುಳಿತಳು. "ಯವ್ವಾ, ಫಕೀರವ್ವನ ಸುದ್ದಿ ನಿನಗ ಗೊತ್ತೈತಿ," ಎಂದಳು.

"ಗೊತ್ತೈತಿ."

"ಹೊಗಿ ಹಾಕಿದ್ರ ಹತ್ತೊಂಬತ್ತನೇದಾಕಿನ ಏಳ್ತಾಳಂತ ಖಾತ್ರಿ ಇಲ್ಲ. ಎದ್ರೂ ಮುಂದ ಏನ್ ಮಾಡ್ತಾಳೋ ಗೊತ್ತಿಲ್ಲ."

"ಹಾಕದಿದ್ರ ಏನಾಗ್ತೈತಿ ಅದು ಗೊತ್ತೈತೆಲ್ಲ," ಎಂದಳು ಚನ್ನವ್ವ. "ನೀ ಹಾಕಬ್ಯಾಡ. ನೀ ಆಫೀಸಿಗೆ ಹೋಗು. ನಾ ಹಾಕೋತೀನಿ, ನೀ ಕೇಳಬ್ಯಾಡ. ಇಷ್ಟ ದಿನಾ ಹಂಗ ನಡದಿತ್ತಲ್ಲ."

"ನಡದಿತ್ತು. ಅದಕ್ಕ ಫಕೀರವ್ವ ಬಿದ್ಲು. ಹಾಕೋದಾದ್ರ ನಾನ ಹಾಕ್ತೇನಿ."

ಚನ್ನವ್ವ ಮಗಳ ಮುಖವನ್ನೇ ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಒಂದು ಮುಷ್ಟಿ ಅಜವಾನ ತಂದು ಮಗಳ ಅಂಗೈಗೆ ಸುರಿದಳು.

ಕೂಸು ಮಲಗುವ ಮನೆಯೊಳಗೆ ದಾನೇಶ್ವರಿ ಹೊಗೆ ಮಾಡಲಿಲ್ಲ. ಕುಂಡವನ್ನು ಮಾಳಿಗೆಯ ಮೇಲೆ ಒಯ್ದು, ಸುತ್ತ ಹಳೆಯ ಕಂಬಳಿ ಕಟ್ಟಿ ಡೇರೆ ಮಾಡಿದಳು. ಅಗ್ಗಿಷ್ಟಿಗೆಗೆ ಓಣಿಯ ಇಸ್ತ್ರಿಯವನಿಂದ ಇದ್ದಲಿ ತಂದಳು. ಪ್ರತಿದಿನ ಬೆಳಗ್ಗೆ ಹೊಗೆಯೆದ್ದ ಕೂಡಲೇ ಎದುರು ಮನೆಯವರು ಮಾಳಿಗೆಗೆ ಬಂದು, "ಏನ್ರೀ, ಹೋಮ ಏನರ ಹಿಡದೀರೇನು?" ಎಂದು ಕೇಳುತ್ತಿದ್ದರು. ಕೆಲವು ದಿನ ಕಳೆದ ಮೇಲೆ ಎಲೆಯ ತೊಟ್ಟಿನ ಬಣ್ಣ ತುಸು ಕಂದಿತು. ಆ ಮುಂಜಾನೆ ಅವಳು ತಾಯಿಗೆ ಹೇಳಿದಳು: "ಇವತ್ತ ಎಲಿ ತಿನ್ನಬ್ಯಾಡ. ನಾ ಮೊದಲ ಸರ್‌ಗೆ ಹೇಳಿ ಬರ್ತೇನಿ. ಕದ್ದು ತಿನಸಂಗಿಲ್ಲ ನಾ ನಿನಗ."

"ಬೇಡ ಅಂದ್ರ?"

"ಬಂದ ಮ್ಯಾಲೆ ನೋಡೂಣು."

ನಿಯಂತ್ರಣ ಕೊಠಡಿಯಲ್ಲಿ ಇಮ್ತಿಯಾಜ್ ಪರದೆಯತ್ತ ನೋಡುತ್ತ ತಲೆ ಕೆರೆದುಕೊಳ್ಳುತ್ತಿದ್ದ. "ಮೇಡಂ, ನಿಮ್ಮನ್ಯಾಗ ಮತ್ತ ಯಾರರ ಹಡದಾರೇನ್ರಿ?"

ಸಪ್ತಾಪುರದ ಚುಕ್ಕೆ ಹಳದಿಯಾಗಿತ್ತು.

ದಾನೇಶ್ವರಿ ನೇರ ಮುಳಗುಂದರ ಕೋಣೆಗೆ ಹೋದಳು. ನಿಂತೇ ಎಲ್ಲವನ್ನೂ ಹೇಳಿದಳು. ಅವರು ಕೈಯಲ್ಲಿದ್ದ ಶೇಂಗಾಕಾಯಿಯನ್ನು ಬಿಡಿಸದೆ ಮೇಜಿನ ಮೇಲಿಟ್ಟರು. ಅವರ ಕಿವಿ ಕೆಂಪಾಗಿದ್ದನ್ನು ನೋಡಿ ಈಗ ಬೈಗುಳ ಬರುತ್ತದೆಂದು ಅವಳು ಕಾದಳು.

"ಏನ್ ಸುಟ್ರಿ?" ಎಂದರು ಅವರು.

"ಅಜವಾನ."

"ಎಷ್ಟು?"

"ದಿನಾ ಒಂದು ಮುಷ್ಟಿ."

"ಯಾರ ಮುಷ್ಟಿ?"

ಅವಳು ತಬ್ಬಿಬ್ಬಾದಳು. "ಅವ್ವ ಹಾಕಿ ಕೊಡ್ತಾಳ್ರಿ."

"ಮೊದಲೂ ಅಷ್ಟ ಹಾಕ್ತಿದ್ರೇನು? ಮುಚ್ಚಿದ ಕ್ವಾಣಿಯೊಳಗ ಹಾಕೋದಕ್ಕೂ ಕಂಬಳಿಯೊಳಗ ಹಾಕೋದಕ್ಕೂ ಫರಕಿಲ್ಲೇನು? ಬೆಂಕಿ ಯಾತರದ್ದು?"

"ಇದ್ದಲಿ."

"ಅವ್ವಾರ ಮೊದಲ ಯಾತರ ಮ್ಯಾಲೆ ಹಾಕ್ತಿದ್ರು?"

"ಕುಳ್ಳು," ಎಂದಳು. ಅಜವಾನ ಅದೇ ಇತ್ತು, ಬೆಂಕಿ ಬೇರೆಯಾಗಿತ್ತು. ಹತ್ತೊಂಬತ್ತನೆಯವಳನ್ನು ಎಬ್ಬಿಸಿದ್ದು ಅಜವಾನವೋ, ಒಣಹುಲ್ಲಿನ ನಾರು ತುಂಬಿದ ಕುಳ್ಳಿನ ಹೊಗೆಯೋ, ಎರಡೂ ಕೂಡಿಯೋ? ತಾನು ಇದನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಪರದೆಯ ಚುಕ್ಕೆಗೆ ಹಳದಿ ಎಲ್ಲಾ ಒಂದೇ ಹಳದಿ.

"ಎಲಿ ಇಲ್ಲಿ ತರ್ರಿ," ಎಂದರು ಮುಳಗುಂದರು. ಆಗಲೇ ಎದ್ದಿದ್ದರು. "ಸಂಜಿ ಅನ್ನೂದ್ರಾಗ ಯಾರು ಎದ್ದಾಳಂತ ನೋಡೂಣು. ನಿಮ್ಮ ಮ್ಯಾಲಿನ ಸಿಟ್ಟು ಆಮೇಲೆ. ಅಲ್ಲೀತನಕ ಅವರ ಬಾಯಾಗ ಎಲಿ ಹೋಗಬಾರದು."

ಅವಳು ದಾರಿಯುದ್ದಕ್ಕೂ ಫೋನು ಮಾಡಿದಳು. ಯಾರೂ ಎತ್ತಲಿಲ್ಲ. ಮನೆ ಮುಟ್ಟಿ ಮಾಳಿಗೆಯ ಮೆಟ್ಟಿಲು ಹತ್ತಿದರೆ ಚನ್ನವ್ವ ಕಂಬಳಿ ಸರಿಸಿ ಕುಂಡದ ಪಕ್ಕದಲ್ಲಿ ಕುಳಿತಿದ್ದಳು. ಪ್ರಭಾ ಕೂಸನ್ನು ಎತ್ತಿಕೊಂಡು ಮೆಟ್ಟಿಲ ಬಾಯಲ್ಲಿ ನಿಂತಿದ್ದಳು. ಅವಳ ಮುಖ ಬಿಳಿಚಿತ್ತು.

"ಅವ್ವನ ಎದಿ ಮತ್ತ ಓಡಾಕ ಹತ್ತಿತು ಅಕ್ಕಾ. ಬ್ಯಾಡ ಅಂದೆ, ಕೇಳಲಿಲ್ಲ."

ಚನ್ನವ್ವನ ದವಡೆ ಆಡುತ್ತಿತ್ತು.

"ಉಗಳು ಯವ್ವಾ!"

ಚನ್ನವ್ವ ನುಂಗಿ ಬಾಯಿ ತೆರೆದು ತೋರಿಸಿದಳು. ಸಣ್ಣ ಮಕ್ಕಳು ಔಷಧ ಕುಡಿದು ತೋರಿಸುವ ಹಾಗೆ. "ತಡಾ ಮಾಡಿದಿ ನೀ," ಎಂದಳು. "ಸಿಟ್ಟಾಗಬ್ಯಾಡ."

"ಪ್ರಭಾ, ಆಂಬುಲೆನ್ಸಿಗೆ ಹಚ್ಚು." ದಾನೇಶ್ವರಿ ಗಿಡದಿಂದ ಒಂದೆಲೆ ಕಿತ್ತು ಜೇಬಿಗೆ ಹಾಕಿಕೊಂಡು ತಾಯಿಯ ಪಕ್ಕದಲ್ಲಿ ಕುಳಿತಳು. "ಹೆಂಗಿತ್ತು? ಕಹಿ ಮೊದಲಿನಂಗ ಇತ್ತೇನು?"

ಚನ್ನವ್ವ ನಾಲಗೆಯನ್ನು ಅಂಗುಳಕ್ಕೆ ಒತ್ತಿ ಯೋಚಿಸಿದಳು.

"ನೀ ಮೊದಲ ಕೊಡ್ತಿದ್ದೆಲ್ಲ, ಆ ಕಹಿ ಅಲ್ಲ."

"ಬಾಣಂತಿ ಕ್ವಾಣ್ಯಾಗ ತಿಂತಿದ್ದೆಲ್ಲ, ಆ ಕಹಿ?"

"ಅದೂ ಅಲ್ಲ," ಎಂದಳು ಚನ್ನವ್ವ. "ಇದು ಬ್ಯಾರೆ ಕಹಿ."

ದಾನೇಶ್ವರಿ ತಾಯಿಯ ಮಣಿಕಟ್ಟು ಹಿಡಿದಳು. ಚರ್ಮದ ಕೆಳಗೆ ಹೃದಯ ಕಾಲು ತಪ್ಪಿದವರಂತೆ ಓಡುತ್ತಿತ್ತು, ಎಡವುತ್ತಿತ್ತು, ಮತ್ತೆ ಓಡುತ್ತಿತ್ತು. ಕೆಳಗಿನ ಓಣಿಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ. ಪ್ರಭಾ ಫೋನಿನಲ್ಲಿ ಮನೆಯ ಗುರುತು ಹೇಳುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಬೆರಳ ಕೆಳಗಿನ ಓಟ ನಿಧಾನವಾಗತೊಡಗಿತು. ನಿಧಾನವಾಗಿ ಹದಕ್ಕೆ ಬಂತು. ಹದಕ್ಕೆ ಬಂದ ಮೇಲೂ ಇನ್ನಷ್ಟು ನಿಧಾನವಾಯಿತು.

"ನೋಡಿದೇನು, ನಿಂತಿತೆಲ್ಲ?" ಎಂದಳು ಚನ್ನವ್ವ ಕಣ್ಣು ಮುಚ್ಚಿಕೊಂಡು, ಓಟದ ಕುರಿತು.

"ಮಾತಾಡಬ್ಯಾಡ ಯವ್ವಾ."

ಒಂದು ಬಡಿತ ಬಂತು. ದಾನೇಶ್ವರಿ ಮುಂದಿನದಕ್ಕೆ ಕಾದಳು.